ಹನ್ನೆರಡು ಗಂಟೆಯ ಸೈನಿಕರು

"ಇದು ನನ್ನದಲ್ಲ!"

ಗಡಿಯಾರ ರಿಪೇರಿಯ ತಾತನ ಕೂಗಿಗೆ ನಾಣ್ಯ ಸಂಗ್ರಾಹಕರ ಸಂಘದ ಹದಿನಾಲ್ಕು ತಲೆಗಳು ಒಟ್ಟಿಗೆ ಮೇಲೆದ್ದವು. ಭಾನುವಾರ ಬೆಳಗಿನ ಸಭೆ. ಮೇಜಿನ ಮೇಲೆ ತಾತನ ಮರದ ಟ್ರೇ. ಅದರಲ್ಲಿ ಮಖಮಲ್ಲಿನ ನಲವತ್ತು ಗುಳಿ, ಗುಳಿಗೊಂದು ಕಂಚಿನ ನಾಣ್ಯ. ಎಲ್ಲವೂ ರೋಮ್ ಸಾಮ್ರಾಜ್ಯದ ಕೊನೆಗಾಲದವು, ಹೆಬ್ಬೆರಳಿನ ಉಗುರಿನಷ್ಟು ಅಗಲದವು. ಮೊದಲನೆಯ ಗುಳಿಯಲ್ಲಿ ಇರಬೇಕಾದ್ದು ಇರಲಿಲ್ಲ. ಯಾವುದೋ ಸವಕಲು ಬಿಲ್ಲೆ ಅಲ್ಲಿ ಕೂತಿತ್ತು.

"ಯಾರೋ ಬದಲಾಯಿಸಿದ್ದಾರೆ," ಎಂದರು ತಾತ.

ಮೊದಲನೆಯ ಗುಳಿಯ ನಾಣ್ಯ ಯಾವುದು ಎಂದು ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಒಂದು ಮುಖದಲ್ಲಿ ಚಕ್ರವರ್ತಿಯ ತಲೆ. ಇನ್ನೊಂದರಲ್ಲಿ ಇಬ್ಬರು ಸೈನಿಕರು, ನಡುವೆ ಧ್ವಜ, ಸುತ್ತಲೂ 'ಸೈನ್ಯದ ಕೀರ್ತಿ' ಎಂಬರ್ಥದ ಎರಡು ಪದ. ಇಂಥವು ರಾಶಿ ರಾಶಿ ಸಿಗುತ್ತವೆ. ಆದರೆ ಇದರ ಅಚ್ಚು ಕೆತ್ತಿದ ಪುಣ್ಯಾತ್ಮ ಎರಡನೆಯ ಪದದಲ್ಲಿ ಒಂದು ಅಕ್ಷರ ನುಂಗಿದ್ದ. ಆ ತಪ್ಪಿರುವ ಇನ್ನೊಂದು ನಾಣ್ಯವನ್ನು ತಾತ ಮೂವತ್ತು ವರ್ಷ ಹುಡುಕಿ ಕಂಡಿರಲಿಲ್ಲ. ಅಚ್ಚಿಗೆ ಹೋಗುತ್ತಿದ್ದ ತಮ್ಮ ಪುಸ್ತಕದ ಮೊದಲ ಪುಟದಲ್ಲಿ 'ಇದೊಂದೇ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದರು. ನಕಲು ಹುಟ್ಟುತ್ತದೆಂಬ ಭಯಕ್ಕೆ ಅದರ ಫೋಟೋ ತೆಗೆಯಲು ಬಿಟ್ಟವರಲ್ಲ. ಗಾಜಿನಾಚೆಯಿಂದ ನೋಡಬಹುದಿತ್ತು, ಅಷ್ಟೆ. ಮುಟ್ಟುವ ಮಾತೇ ಇರಲಿಲ್ಲ.

ಹಿಂದಿನ ಸಾಲಿನ ಕುರ್ಚಿಯಲ್ಲಿ ಕರಡಿ ಕೂತಿದ್ದಳು. ಹೆದರಬೇಡಿ, ಹೆಂಗಸೇ. ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸ. ಕರಡು ತಿದ್ದುವವಳು ಕರಡಿ ಎಂದು ಅಲ್ಲಿಯವರು ಬೆನ್ನ ಹಿಂದೆ ಹೆಸರಿಟ್ಟಿದ್ದರು, ಕೋಪ ಬಂದಾಗ ಹೆಸರು ಒಪ್ಪುತ್ತಲೂ ಇತ್ತು. ತಾತನ ಪುಸ್ತಕದ ಕರಡು ನೋಡಿದವಳು ಅವಳೇ. ತಮ್ಮಲ್ಲಿ ಅಕ್ಷರ ನುಂಗಿದರೆ ಬೈಗುಳ, ಇವರು ಅದನ್ನೇ ತಲೆಯ ಮೇಲೆ ಹೊತ್ತು ಮೆರೆಸುತ್ತಾರಲ್ಲ ಎಂದು ಆಗ ನಕ್ಕಿದ್ದಳು. ಸಂಘದ ಕಡೆಗೆ ಅವಳು ತಲೆ ಹಾಕಿ ಮಲಗಿದವಳೂ ಅಲ್ಲ. ಇಂದು ಮಾತ್ರ, "ಬಾರೇ, ಒಂದು ದೊಡ್ಡ ಸುದ್ದಿ ಇದೆ," ಎಂದು ಗಂಡ ಅಂಗಲಾಚಿ ಕರೆತಂದಿದ್ದ.

ಸುದ್ದಿ ದೊಡ್ಡದೇ ಆಯಿತು. ತಾತನ ಬೆರಳು ನೇರ ಅವಳ ಗಂಡನತ್ತ ತಿರುಗಿತು.

"ಜೇಬಲ್ಲಿರೋದನ್ನ ತೆಗಿ."

ಗಂಡ ತೆಗೆದ. ಚಿಕ್ಕ ಡಬ್ಬಿ, ಒಳಗೊಂದು ನಾಣ್ಯ. ಇಬ್ಬರು ಸೈನಿಕರು, ನಡುವೆ ಧ್ವಜ, ಅದೇ ನುಂಗಿದ ಅಕ್ಷರ. ತಾತನದ್ದರ ಮೇಲೆ ದಟ್ಟ ಹಸಿರು ಪದರವಿತ್ತು. ಇದು ಬೋಳು ಕಂಚು, ಆದರೆ ಒಂದೊಂದು ಗೆರೆಯೂ ಸ್ಪಷ್ಟ.

"ನೋಡಿದ್ರಾ? ಗುರುತು ಸಿಗದ ಹಾಗೆ ಕೆರೆದಿದ್ದಾನೆ."

"ತಾತಾ! ಇದು ಮಣ್ಣುಹಿಡಿದ ಹಳೇ ನಾಣ್ಯಗಳ ಪೊಟ್ಟಣದಲ್ಲಿ ನನಗೆ ಸಿಕ್ಕಿದ್ದು. ಬುಧವಾರ ಮೊದಲು ನಿಮಗೇ ತಂದು ಕೈಗೆ ಕೊಟ್ಟೆ. ಭಾನುವಾರ ನಾನೇ ಎಲ್ಲರಿಗೂ ಹೇಳ್ತೀನಿ, ಅಲ್ಲಿವರೆಗೆ ಬಾಯಿ ಬಿಡಬೇಡ ಅಂದ್ರಿ."

"ಬುಧವಾರ ಬಂದಿದ್ದು ನಿಜ. ನಾನು ಚಹಾ ಮಾಡೋಕೆ ಒಳಗೆ ಹೋದೆ, ಟ್ರೇ ಮೇಜಿನ ಮೇಲಿತ್ತು. ನನಗೇನೂ ತೋರಿಸಲಿಲ್ಲ ಇವನು."

ಆಗ ಮುಂದಿನ ಸಾಲಿನಿಂದ ಹಲ್ಲಿನ ಡಾಕ್ಟರು ಎದ್ದಳು. "ಆ ನಾಣ್ಯ ಒಂದು ತಿಂಗಳಿಂದ ಇವರ ಹತ್ರ ಇದೆ. ನನ್ನ ಕ್ಲಿನಿಕ್ಕಲ್ಲೇ ನಾವಿಬ್ಬರೂ ಕೂತು ಶುಚಿ ಮಾಡಿದ್ದು."

'ನಾವಿಬ್ಬರೂ.' ಕರಡಿ ಆ ಪದಕ್ಕೆ ಮನಸ್ಸಿನಲ್ಲೇ ಕೆಂಪು ಗೆರೆ ಎಳೆದಳು. ಉಳಿದವರು ಮುಖ ಮುಖ ನೋಡಿಕೊಂಡರು. ಕಳ್ಳನಿಗೆ ಇವಳು ಸಾಕ್ಷಿಯೇ ಪಾಲುಗಾರಳೇ ಎಂಬ ನೋಟ ಅದು.

ಸಂಘದ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟರು. ನಾಣ್ಯವನ್ನು ತಮ್ಮ ಜೇಬಿಗೆ ಹಾಕಿಕೊಂಡರು. "ನಾಳೆ ಸಂಜೆ ಐದಕ್ಕೆ ಇಲ್ಲೇ ಸೇರೋಣ. ತಾತ, ನಿಮಗೇನು ಬೇಕು?"

"ತಪ್ಪು ಒಪ್ಪಿಕೊಂಡು ಸಂಘ ಬಿಟ್ಟು ಹೋಗಲಿ. ನನ್ನ ಕೈಯಾರೆ ಕಲಿಸಿದ ಹುಡುಗ, ಪೊಲೀಸರಿಗೆ ಹೇಳಲ್ಲ. ಒಪ್ಪದಿದ್ದರೆ ದೂರು ಕೊಡ್ತೀನಿ."

* * *

ಮನೆಯಲ್ಲಿ ಅಡುಗೆಕಟ್ಟೆಯ ಮೇಲೆ ಹನ್ನೊಂದು ಗಾಜಿನ ಸೀಸೆ. ಒಂದೊಂದರಲ್ಲೂ ಶುದ್ಧಜಲ, ನೀರಿನ ತಳದಲ್ಲಿ ಮಣ್ಣು ಮೆತ್ತಿದ ನಾಣ್ಯ. ವಾರಕ್ಕೊಮ್ಮೆ ಗಂಡ ಅವುಗಳ ನೀರು ಬದಲಾಯಿಸುತ್ತಿದ್ದ. ಕೆಲವು ಆರೇಳು ತಿಂಗಳು ನೆನೆದ ಮೇಲೆ ಮುಳ್ಳಿನಿಂದ ಮೆಲ್ಲಗೆ ಕೆರೆಯುತ್ತಿದ್ದ. ಮದುವೆಯಾದ ಹನ್ನೆರಡು ವರ್ಷದಲ್ಲಿ ಹೆಂಡತಿಯ ತಲೆನೋವಿಗೂ ಅಷ್ಟು ತಾಳ್ಮೆ ತೋರಿಸಿದವನಲ್ಲ. ಅವಳು ಆ ಸೀಸೆಗಳನ್ನು ಸವತಿಯರು ಎಂದೇ ಕರೆಯುತ್ತಿದ್ದಳು. ಸವತಿಯರನ್ನು ಹೇಗೋ ಸಹಿಸಿದಳು. ಆಮೇಲೆ ಆ ಡಾಕ್ಟರು ಬಂದಳು. ಭಾನುವಾರ ಮಧ್ಯಾಹ್ನ ಪೂರ್ತಿ ಕ್ಲಿನಿಕ್ಕಿನಲ್ಲಿ, ಸೂಕ್ಷ್ಮದರ್ಶಕದ ಮೇಲೆ ಇಬ್ಬರ ತಲೆಯೂ ಒಟ್ಟಿಗೆ. ಅದನ್ನು ಸಹಿಸುವುದು ಕಷ್ಟವಾಯಿತು.

"ಒಪ್ಪಿಕೊಂಡ್ಬಿಡಿ. ಪೊಲೀಸು ಗಿಲೀಸು ಯಾಕೆ?" ಎಂದಳು.

"ಮಾಡದೇ ಇರೋದನ್ನ?" ಗಂಡ ಊಟದ ತಟ್ಟೆ ಸರಿಸಿದ. "ಒಪ್ಪಿಕೊಂಡರೆ ನಾನು ಕಳ್ಳ ಅಂತಾಯ್ತು. ಕಳ್ಳನ ಕೈಗೆ ಔಷಧಿ ಅಂಗಡಿ ಬೀಗದ ಕೈ ಯಾರು ಕೊಡ್ತಾರೆ? ನಾಳಿದ್ದು ನನ್ನ ಕೆಲಸಾನೂ ಹೋಗುತ್ತೆ."

"ತಿಂಗಳ ಹಿಂದೆ ಸಿಕ್ಕಿತ್ತಂತೆ. ಆ ಡಾಕ್ಟರಿಗೆ ಗೊತ್ತು. ನನಗೆ ಹೇಳಲಿಲ್ಲ ನೀವು."

"ನಾಣ್ಯ ಅಂದ್ರೆ ಮುಖ ತಿರುಗಿಸ್ತೀಯಲ್ಲೇ."

"ಅದಕ್ಕೇ ತಿರುಗಿಸದ ಮುಖ ಹುಡುಕಿಕೊಂಡ್ರಾ?"

ಗಂಡ ಎದ್ದು ಕೈ ಮುಖ ತೊಳೆದ. ಅವನ ಕಣ್ಣಲ್ಲಿ ನೀರಿತ್ತೋ, ಮುಖ ತೊಳೆದ ನೀರೋ, ಅವಳಿಗೆ ತಿಳಿಯಲಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಾರದ ಮನುಷ್ಯ. ಆದರೆ ಹೇಳದೆ ಮುಚ್ಚಿಡುವುದು ಬರುತ್ತದೆ ಎಂದು ಇವತ್ತು ಗೊತ್ತಾಗಿತ್ತು.

* * *

ಸೋಮವಾರ ಬೆಳಿಗ್ಗೆ ಅವಳು ಹೋದದ್ದು ಡಾಕ್ಟರ ಕ್ಲಿನಿಕ್ಕಿಗೆ. ಕದ್ದವಳು ಅವಳೇ ಆಗಿರಲಿ ಎಂದು ದಾರಿಯುದ್ದಕ್ಕೂ ಹಾರೈಸಿದಳು. ತಾತನ ಮನೆಗೆ ಡಾಕ್ಟರೂ ಹೋಗಿ ಬರುತ್ತಿದ್ದವಳೇ. ಕದ್ದು, ಕೆರೆದು, ಪಾಪದವನ ಪೊಟ್ಟಣದೊಳಗೆ ತುರುಕಿರಬಹುದಲ್ಲ?

ಡಾಕ್ಟರು ಕೈಗವಸು ಬಿಚ್ಚಿ ಎದುರಿಗೆ ಕೂತಳು. ಅಂದಗಾತಿಯೇನೂ ಅಲ್ಲ. ಅದೂ ಕರಡಿಗೆ ಸಮಾಧಾನ ಕೊಡಲಿಲ್ಲ.

"ನೀವು ನನ್ನ ಮೇಲೆ ಸಂಶಯ ಪಡ್ತಿದೀರ," ಎಂದಳು ಡಾಕ್ಟರು ನೇರವಾಗಿ. "ನನ್ನನ್ನ ಬಿಟ್ಹಾಕಿ. ಇದನ್ನ ನೋಡಿ."

ಒಂದು ಕಾರ್ಡು. ನಾಣ್ಯದ ತೂಕ, ಅಗಲ, ಕೆಳಗೆ 'ಆರು ಗಂಟೆ'.

"ಈ ಕಾರ್ಡನ್ನ ನೀವು ನಿನ್ನೆ ರಾತ್ರಿ ಕೂತೂ ಬರೀಬಹುದಿತ್ತು."

"ಬರೀಬಹುದಿತ್ತು. ತೂಕ ಕೂಡ ಲೆಕ್ಕಕ್ಕಿಲ್ಲ, ಕೆರೆದರೆ ಕಡಿಮೆ ಆಗುತ್ತೆ. ಅಂಚು ಸವೆಯುತ್ತೆ, ಬಣ್ಣ ಹೋಗುತ್ತೆ. ಆದರೆ ಈ ಗಂಟೆ ಇದೆಯಲ್ಲ, ಅದನ್ನ ಆ ಬ್ರಹ್ಮನೂ ತಿದ್ದೋಕಾಗಲ್ಲ."

"ಯಾವ ಗಂಟೆ?"

ಡಾಕ್ಟರು ಬೇರೊಂದು ನಾಣ್ಯ ತೆಗೆದಳು. ಚಕ್ರವರ್ತಿಯ ತಲೆ ಮೇಲೆ ಬರುವಂತೆ ಹಿಡಿದಳು. "ಈಗ ಪುಸ್ತಕದ ಪುಟ ಮಗುಚೋ ಹಾಗೆ ತಿರುಗಿಸ್ತೀನಿ. ಹಿಂದಿನ ಚಿತ್ರ ನೆಟ್ಟಗಿದ್ದರೆ ಹನ್ನೆರಡು ಗಂಟೆ ಅಂತೀವಿ. ತಲೆಕೆಳಗಾಗಿದ್ದರೆ ಆರು ಗಂಟೆ. ಗಡಿಯಾರದ ಮುಳ್ಳಿನ ಲೆಕ್ಕ. ಆಗ ಕೆಳಗಿನ ಅಚ್ಚು ನೆಲದಲ್ಲಿ, ಮೇಲಿನ ಅಚ್ಚು ಆಳಿನ ಕೈಯಲ್ಲಿ. ಸುತ್ತಿಗೆ ಬೀಳುವಾಗ ಅವನು ಹೇಗೆ ಹಿಡಿದಿದ್ದನೋ ಹಾಗೆ. ಅಚ್ಚು ಒಂದೇ ಆದರೂ ಒಂದು ನಾಣ್ಯ ಹೀಗೆ, ಇನ್ನೊಂದು ಹಾಗೆ ಬರಬಹುದು."

"ನಮ್ಮವರದ್ದು ಆರು?"

"ಆರು. ತಾತನದ್ದು ಎಷ್ಟೋ ನಾವ್ಯಾರೂ ಮುಟ್ಟಿ ನೋಡಿಲ್ಲ. ಆದರೆ ಅವರ ಪುಸ್ತಕದಲ್ಲಿ ಇದ್ದೇ ಇರುತ್ತೆ. ಅದು ನಿಮ್ಮ ಮೇಜಿನ ಮೇಲೇ ಇದೆಯಲ್ಲ." ಡಾಕ್ಟರು ನಕ್ಕಳು. "ನಿಮ್ಮ ಕಣ್ಣಿಂದ ಒಂದು ಅಕ್ಷರಾನೂ ತಪ್ಪಿಸಿಕೊಳ್ಳಲ್ಲವಂತೆ. ನಿಮ್ಮ ಯಜಮಾನರು ಹೇಳ್ತಾನೇ ಇರ್ತಾರೆ."

ತನ್ನ ಗುಣಗಾನವನ್ನೂ ಇವಳ ಬಾಯಿಂದ ಕೇಳಬೇಕಾಯಿತಲ್ಲ ಎಂದು ಕರಡಿಯ ಮೈ ಉರಿಯಿತು. ಥ್ಯಾಂಕ್ಸ್ ಕೂಡ ಹೇಳದೆ ಎದ್ದು ಬಂದಳು.

* * *

ಛಾಪಖಾನೆಯಲ್ಲಿ ಯಂತ್ರದ ಸದ್ದು. ಅವಳು ಚೀಲ ಇಟ್ಟವಳೇ ತಾತನ ಪುಸ್ತಕದ ಕೊನೆಯ ಕರಡು ಎಳೆದುಕೊಂಡಳು. ಮೊದಲ ಪುಟ. ತೂಕ. ಅಗಲ.

'ಆರು ಗಂಟೆ.'

ಮತ್ತೊಮ್ಮೆ ಓದಿದಳು. ಅಕ್ಷರ ಅಕ್ಷರವಾಗಿ ಓದಿದಳು. ಆರೇ.

ಹಾಗಾದರೆ ಎರಡೂ ಒಂದೇ ನಾಣ್ಯ. ಗಂಡ ಕದ್ದಿದ್ದಾನೆ. ಡಾಕ್ಟರು ಜೊತೆಗಿದ್ದಾಳೆ. 'ನಾವಿಬ್ಬರೂ' ಎಂದದ್ದಕ್ಕೆ ಈಗ ಪೂರ್ತಿ ಅರ್ಥ ಬಂತು. ಊಟದ ಡಬ್ಬಿ ಬಿಚ್ಚಿದವಳು ಹಾಗೇ ಮುಚ್ಚಿದಳು. ಮುಂದಿದ್ದ ಬೇರೆ ಪುಸ್ತಕದ ಕರಡಿನಲ್ಲಿ ಹದಿನಾರು ಪುಟ ನೋಡಿದಳು, ಒಂದು ತಪ್ಪೂ ಕಾಣಲಿಲ್ಲ. ತಪ್ಪಿರಲಿಲ್ಲ ಎಂದಲ್ಲ.

ಮೂರು ಗಂಟೆಯ ಹೊತ್ತಿಗೆ ಟೈಪ್ ಮಾಡುವ ಅಕ್ಕ ಕನ್ನಡಕ ಒರೆಸುತ್ತ ಬಂದಳು. ತಾತನ ಕರಡು ನೋಡಿ ಅವಳಿಗೆ ನಗು ಬಂತು.

"ಓಹೋ, 'ಹಗಲೋ ರಾತ್ರಿಯೋ' ಪುಸ್ತಕ!"

"ಏನಕ್ಕಾ?"

"ಮರೆತ್ಯಾ? ಎಂಟು ತಿಂಗಳ ಹಿಂದೆ ಮೊದಲ ಕರಡಲ್ಲಿ ನೀನು ಪಕ್ಕದಲ್ಲಿ ಬರೆದಿದ್ದೆಯಲ್ಲ, ಇದು ಹಗಲೋ ರಾತ್ರಿಯೋ ಅಂತ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದು."

ಕರಡಿ ಪೆನ್ಸಿಲು ಕೆಳಗಿಟ್ಟಳು.

ಹಗಲೋ ರಾತ್ರಿಯೋ. ಆರು ಗಂಟೆಗೆ ಯಾರಾದರೂ ಹಾಗೆ ಕೇಳುತ್ತಾರೆಯೇ? ಆರು ಎಂದಿದ್ದರೆ ಅವಳು 'ಬೆಳಿಗ್ಗೆಯೋ ಸಂಜೆಯೋ' ಎಂದು ಕೇಳುತ್ತಿದ್ದಳು. ಹಗಲೋ ರಾತ್ರಿಯೋ ಎಂದು ಕೇಳುವುದು ಒಂದೇ ಒಂದು ಹೊತ್ತಿಗೆ.

ಪುಸ್ತಕ ಹೊಲಿದು ಕಟ್ಟುವವರೆಗೆ ಹಳೆಯ ಕರಡು ಎಸೆಯಬಾರದು ಎಂಬುದು ಯಜಮಾನರ ಕಟ್ಟಪ್ಪಣೆ. ಅವಳು ಮಾಳಿಗೆಯ ಕಪಾಟು ತಡಕಿ ಕಟ್ಟು ಬಿಚ್ಚಿದಳು. ಮೊದಲ ಕರಡು, ಮೊದಲ ಪುಟ. 'ಹನ್ನೆರಡು ಗಂಟೆ.' ಪಕ್ಕದಲ್ಲಿ ಅವಳ ಕೆಂಪು ಬರಹ. ಅದರ ಕೆಳಗೆ ತಾತನ ಸಣ್ಣ, ನೆಟ್ಟನೆಯ ಅಕ್ಷರ: 'ಹಗಲೂ ಅಲ್ಲ ರಾತ್ರಿಯೂ ಅಲ್ಲ, ಮಗಳೇ. ಪುಟ ಮಗುಚಿದಂತೆ ತಿರುಗಿಸಿದರೆ ನನ್ನ ಸೈನಿಕರು ನೆಟ್ಟಗೆ ನಿಂತಿರುತ್ತಾರೆ ಎಂದರ್ಥ.'

"ಅಕ್ಕಾ, ಹನ್ನೆರಡನ್ನ ಆರು ಮಾಡಿದ್ದು ಯಾರು?"

"ತಾತಾನೇ. ನೀನು ರಜೆ ಹಾಕಿದ್ದ ದಿನ ಬಂದಿದ್ರು. ಚೀಟಿ ಅಲ್ಲೇ ಮುಳ್ಳಿಗೆ ಚುಚ್ಚಿದೀನಿ ನೋಡು."

ಚೀಟಿ ಸಿಕ್ಕಿತು. ತಾತನ ಅಕ್ಷರ: 'ಹನ್ನೆರಡಲ್ಲ, ಆರು.' ಮೇಲೆ ಛಾಪಖಾನೆಯ ಮೊಹರು, ಮೊಹರಿನಲ್ಲಿ ತಾರೀಖು: ಕಳೆದ ಗುರುವಾರ.

ಅವಳು ಮಾಳಿಗೆಯ ಮೆಟ್ಟಿಲ ಮೇಲೆ ಕೂತಳು. ತೊಡೆಯ ಮೇಲೆ ಹಾಳೆ, ಹಾಳೆಯ ಮೇಲೆ ಚೀಟಿ. ಆಗ ಅವಳ ತಲೆಗೊಂದು ಯೋಚನೆ ಬಂತು. ಅದನ್ನು ಮುಚ್ಚಿಟ್ಟರೆ ಕಥೆಗೆ ಮೋಸವಾಗುತ್ತದೆ. ಇವೆರಡನ್ನೂ ಹರಿದು ಬುಟ್ಟಿಗೆ ಹಾಕಿದರೆ? ಗಂಡ ಸಂಘದಿಂದ ಆಚೆಗೆ ಬೀಳುತ್ತಾನೆ. ಸೀಸೆಗಳು ಅಡುಗೆಮನೆಯಿಂದ ಹೋಗುತ್ತವೆ. ಹಲ್ಲುನೋವು ಬಂದ ಹೊರತು ಆ ಡಾಕ್ಟರ ಮುಖ ನೋಡಬೇಕಾಗಿಲ್ಲ. ಭಾನುವಾರಗಳೆಲ್ಲ ತನ್ನವು. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ, ಗಂಡ ಪೂರ್ತಿ ಸಿಗುತ್ತಾನೆ. ಹೊಟ್ಟೆಕಿಚ್ಚಿಗೆ ಎಷ್ಟು ಬೇಗ ಲೆಕ್ಕ ಬರುತ್ತದೆ! ಚೀಟಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಅವಳು ಎಷ್ಟೋ ಹೊತ್ತು ಕೂತಿದ್ದಳು.

ಕೆಳಗೆ ಯಂತ್ರ ನಿಂತಿತು. ನಾಲ್ಕೂವರೆ. ಅವಳು ಎರಡನ್ನೂ ಮಡಿಸಿ ಚೀಲಕ್ಕೆ ಹಾಕಿಕೊಂಡು ಓಡಿದಳು.

* * *

ಸಂಘದ ಕೋಣೆ ತುಂಬಿತ್ತು. ಗಂಡ ಮೂಲೆಯಲ್ಲಿ ನಿಂತಿದ್ದ. ಕೂರಲು ಯಾರೂ ಕುರ್ಚಿ ಕೊಟ್ಟಿರಲಿಲ್ಲ.

"ಒಪ್ಪಿಕೊಳ್ತೀಯೇನಪ್ಪಾ?" ಕಾರ್ಯದರ್ಶಿ ಕೇಳಿದರು.

"ಇಲ್ಲ, ಸಾರ್."

"ಒಂದು ನಿಮಿಷ," ಎಂದಳು ಕರಡಿ. "ಸಾರ್, ನಿಮ್ಮ ಜೇಬಲ್ಲಿರೋ ನಾಣ್ಯ ತೆಗೀರಿ. ಚಕ್ರವರ್ತಿ ತಲೆ ಮೇಲೆ ಮಾಡಿ. ಈಗ ಪುಟ ಮಗುಚಿದ ಹಾಗೆ ತಿರುಗಿಸಿ."

ಕಾರ್ಯದರ್ಶಿ ತಿರುಗಿಸಿದರು. "ಸೈನಿಕರು ತಲೆಕೆಳಗು."

"ಆರು ಗಂಟೆ. ತಾತಾ, ನಿಮ್ಮದು?"

ತಾತ ಇದಕ್ಕೇ ಕಾದಿದ್ದವರಂತೆ ಮುಂದೆ ಬಾಗಿದರು. "ನನ್ನದೂ ಆರೇ. ಪುಸ್ತಕದಲ್ಲೇ ಇದೆ. ನೀನೇ ಕರಡು ನೋಡಿದ್ದೀಯ, ಹೇಳಮ್ಮಾ."

"ನೋಡಿದೀನಿ. ಎರಡು ಸಲ." ಅವಳು ಹಳೆಯ ಹಾಳೆಯನ್ನು ಮೇಜಿನ ಮೇಲೆ ಹಾಸಿದಳು. "ಮೊದಲ ಸಲ ಹನ್ನೆರಡು ಇತ್ತು. ನಿಮ್ಮ ಸೈನಿಕರು ನೆಟ್ಟಗೆ ನಿಂತಿದ್ರು. ಬರಹ ನಿಮ್ಮದೇ ತಾನೆ?"

ತಾತ ಹಾಳೆ ನೋಡಿದರು. ಕಣ್ಣು ಎರಡು ಸಲ ಪಿಳುಕಿಸಿದರು.

"ಆಗ ತಪ್ಪಿತ್ತು. ಆಮೇಲೆ ಸರಿ ಮಾಡಿಸಿದೆ."

"ಯಾವತ್ತು?"

"ನೆನಪಿಲ್ಲ."

"ಈ ಚೀಟಿಗೆ ನೆನಪಿದೆ. ಕಳೆದ ಗುರುವಾರ." ಅವಳು ಚೀಟಿಯನ್ನು ಕಾರ್ಯದರ್ಶಿಯ ಕೈಗಿಟ್ಟಳು. "ಹೇಗೆ ಗೊತ್ತಾಯ್ತು ತಾತಾ, ತಪ್ಪಿದೆ ಅಂತ?"

"ಹೇಗೆ ಅಂದರೆ? ನಾಣ್ಯ ತೆಗೆದು ನೋಡಿದೆ. ತಿರುಗಿಸಿ ನೋಡಿದೆ. ಆರಿತ್ತು."

"ಗುರುವಾರ?"

"ಹೂಂ, ಗುರುವಾರವೇ ನೋಡಿ..."

ಮಾತು ಅಲ್ಲಿಗೇ ನಿಂತಿತು.

"ನನ್ನ ಗಂಡ ನಿಮ್ಮ ಮನೆಗೆ ಬಂದಿದ್ದು ಬುಧವಾರ," ಎಂದಳು ಕರಡಿ. "ಬುಧವಾರ ಕಳುವಾದ ನಾಣ್ಯ ಗುರುವಾರ ನಿಮ್ಮ ಕೈಯಲ್ಲಿ ಹೇಗೆ ತಿರುಗಿತು? ನಾಣ್ಯ ಗುರುವಾರವೂ ಇತ್ತು ಅಂದರೆ ಇವರು ಕಳ್ಳರಲ್ಲ. ಇರಲಿಲ್ಲ ಅಂದರೆ, ನೀವು ಯಾವ ನಾಣ್ಯ ನೋಡಿ ಆರು ಅಂತ ತಿದ್ದಿಸಿದ್ರಿ? ನಾನು ಹೇಳ್ಲಾ? ಬುಧವಾರ ಇವರು ನಿಮ್ಮ ಕೈಗೆ ಕೊಟ್ಟ ನಾಣ್ಯ. ಏನೂ ತೋರಿಸಲಿಲ್ಲ ಅಂದ್ರಲ್ಲ, ಅದೇ. ಅದು ಆರು ಗಂಟೆಯದು ಅಂತ ನಿಮಗೆ ಗೊತ್ತಾಯ್ತು. ಮುಂದೆ ಯಾರಾದರೂ ಪುಸ್ತಕದ ಜೊತೆ ತಾಳೆ ನೋಡ್ತಾರೆ ಅಂತ ಮರುದಿನವೇ ಪುಸ್ತಕ ತಿದ್ದಿಸಿದ್ರಿ. ಕಳ್ಳತನ ಗೊತ್ತಾಗಿದ್ದು ಭಾನುವಾರ. ಅದಕ್ಕೆ ಸಾಕ್ಷಿ ತಯಾರಾಗಿದ್ದು ಗುರುವಾರ."

ಅಡಕತ್ತರಿಯಲ್ಲಿ ಸಿಕ್ಕವರಂತೆ ತಾತ ಅತ್ತಿತ್ತ ನೋಡಿದರು. ಆಮೇಲೆ ಕೋಟಿನ ಒಳಜೇಬಿನಿಂದ ಮುಳ್ಳಿಲ್ಲದ ಹಳೆಯ ಕೈಗಡಿಯಾರ ತೆಗೆದರು. ಉಗುರಿನಿಂದ ಅದರ ಹಿಂಬದಿಯ ಮುಚ್ಚಳ ಎಬ್ಬಿಸಿದರು. ಒಳಗೆ ಯಂತ್ರವಿರಲಿಲ್ಲ. ಹಸಿರು ನಾಣ್ಯವಿತ್ತು.

"ಮೂವತ್ತು ವರ್ಷ," ಎಂದರು. "ಮೂವತ್ತು ವರ್ಷ ಇದೊಂದೇ ಅಂತ ಎದೆ ಮೇಲಿಟ್ಟುಕೊಂಡು ಮಲಗಿದೆ. ಇವನಿಗೆ ಭೂತಗನ್ನಡಿ ಹಿಡಿಯೋದು ಕಲಿಸಿದವನೇ ನಾನು. ಬಂದು ಹಲ್ಲು ಕಿರಿದುಕೊಂಡು ಇನ್ನೊಂದು ತೋರಿಸ್ತಾನೆ. ಅದೂ ನನ್ನದಕ್ಕಿಂತ ಚೆನ್ನಾಗಿದೆ." ಅವರು ಮುಚ್ಚಳ ಒತ್ತಿ ಮುಚ್ಚಿದರು. "ಚೆನ್ನಾಗಿಲ್ಲದೆ ಇದ್ದಿದ್ದರೆ ಸಹಿಸಿಕೊಳ್ತಿದ್ದೆ ಕಣಯ್ಯಾ."

ಕಾರ್ಯದರ್ಶಿ ಗಂಡನ ನಾಣ್ಯವನ್ನು ಗಂಡನ ಕೈಗೆ ಕೊಟ್ಟರು. ಯಾರೋ ಓಡಿಬಂದು ಕುರ್ಚಿ ಎಳೆದರು. ಅವನು ಕೂರಲಿಲ್ಲ. ತಾತನ ಪಾದಗಳನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತು, ಹೊರಗೆ ನಡೆದ.

* * *

ಬೀದಿದೀಪಗಳು ಇನ್ನೂ ಹತ್ತಿರಲಿಲ್ಲ. ಇಬ್ಬರೂ ಎರಡು ತಿರುವು ದಾಟಿದರು.

"ಡಾಕ್ಟರು ಹೇಳಿದ್ರು, ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿದ್ಯಂತೆ," ಎಂದ ಗಂಡ.

"ಹೋಗಿದ್ದೆ."

"ಕೊನೇ ಕರಡಲ್ಲಿ ಆರು ಅಂತ ನೋಡಿದಾಗ ನಾನೇ ಕದ್ದೆ ಅಂದ್ಕೊಂಡ್ಯಾ?"

ಸುಳ್ಳು ಹೇಳಬಹುದಿತ್ತು. "ಅಂದ್ಕೊಂಡೆ."

"ಎಷ್ಟು ಹೊತ್ತು?"

"ಊಟದ ಹೊತ್ತಿಂದ ಮೂರರವರೆಗೆ."

"ಡಾಕ್ಟರ ವಿಷಯ?"

"ಅದು ಹೋದ ವರ್ಷದಿಂದ."

ಅವನು ನಿಂತ. ನಗಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಆ ಮುದುಕನಿಗೂ ನಿನಗೂ ಏನೇ ವ್ಯತ್ಯಾಸ? ಅವರಿಗೆ ಎರಡನೇ ನಾಣ್ಯ ಇರಬಾರದು. ನಿನಗೆ ನನ್ನ ಜೊತೆ ಎರಡನೇ ಮನುಷ್ಯರು ಮಾತಾಡಬಾರದು."

ಕರಡಿ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಉತ್ತರ ಅವಳ ಬಳಿ ಇತ್ತು. ಆದರೆ ಅದನ್ನು ಹೇಳಿದರೆ ಮೆಟ್ಟಿಲ ಮೇಲೆ ಕೂತಿದ್ದ ಆ ಹೊತ್ತನ್ನೂ ಹೇಳಬೇಕಾಗುತ್ತಿತ್ತು.

"ಆ ಚೀಟಿ ಹರಿದು ಹಾಕೋಣ ಅನ್ನಿಸಿತ್ತು ನನಗೆ," ಎಂದಳು. "ನೀವು ಸಂಘ ಬಿಟ್ಟು ಮನೇಲೇ ಇರ್ತೀರಲ್ಲ ಅಂತ. ಒಂದು ಗಂಟೆ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಹರೀಲಿಲ್ಲ. ವ್ಯತ್ಯಾಸ ಅಷ್ಟೇ ಇರೋದು, ಅದಕ್ಕಿಂತ ಜಾಸ್ತಿ ಇಲ್ಲ."

ಗಂಡ ಜೇಬಿನಿಂದ ಡಬ್ಬಿ ತೆಗೆದು ಅವಳ ಅಂಗೈಯಲ್ಲಿಟ್ಟ. ಮನೆ ಮುಟ್ಟುವವರೆಗೆ ಅದನ್ನು ವಾಪಸ್ಸು ಕೇಳಲಿಲ್ಲ.